ಎರೆ ಸೀಮೆಯವರಿಗೆ ಕಾರವಾರ



ನಮ್ಮ ಡಂಬಳ ಸೀಮೆಯ ಜನ ಕಡಲು ನೋಡುವುದಕ್ಕಿಂತ ಎಷ್ಟೋ ಮೊದಲು ನಮ್ಮ ಹತ್ತಿ ಕಡಲು ನೋಡಿತ್ತು. ಹತ್ತೊಂಬತ್ತನೇ ಶತಮಾನದ ನಡುಭಾಗದ ಸರಕಾರಿ ಕಾಗದಪತ್ರ ತೆಗೆದರೆ, ಇವತ್ತು ನಾವು ಗದಗ ಎನ್ನುವ ಭಾಗಕ್ಕೆ ಅಲ್ಲಿ ಡಂಬಳ ತಾಲ್ಲೂಕು ಅಂತಲೇ ಹೆಸರು. ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ತಳಿಯ ಹತ್ತಿ ಚೆನ್ನಾಗಿ ಹಿಡಿದ ಎರೆಹೊಲಗಳಲ್ಲಿ ನಮ್ಮವೂ ಸೇರಿದ್ದವು. ಹೇರೆತ್ತಿನ ಬೆನ್ನ ಮೇಲೆ, ಆಮೇಲೆ ಚಕ್ಕಡಿಗಳಲ್ಲಿ, ಈ ಜಿಲ್ಲೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಿ, ಅಲ್ಲಿಂದ ಪಡಾವು ಹತ್ತಿ ಮುಂಬಯಿ ಸೇರುತ್ತಿತ್ತು. ಮುಂಬಯಿ ಪೇಟೆಯಲ್ಲಿ ನಮ್ಮ ನಾಟಿ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು. ಬೆಳೆದವರ ಊರು ಯಾವುದೆಂದು ಕೊಳ್ಳುವವರು ಕೇಳಲೇ ಇಲ್ಲ.

1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಯಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು. ಗಿರಣಿ ಮಾಲೀಕರ ಕಣ್ಣು ಧಾರವಾಡದ ಎರೆಯ ಮೇಲೆ ಬಿತ್ತು. ಕಾಳಿ ನದಿ ಕಡಲು ಸೇರುವಲ್ಲಿ, ಸದಾಶಿವಗಡದ ಬುಡದಲ್ಲಿ ದೊಡ್ಡ ಹಡಗು ನಿಲ್ಲುವ ಬಂದರು ಬೇಕು, ಅಲ್ಲಿಗೆ ಘಟ್ಟದ ಗಾಡಿರಸ್ತೆ ಬೇಕು ಎಂದು ಅವರು ಪಟ್ಟು ಹಿಡಿದರು. ಹತ್ತಿ ಬೆಳೆಯುವ ನೆಲ ಮುಂಬಯಿ ಪ್ರಾಂತದಲ್ಲಿ, ಬಂದರು ಮದರಾಸು ಪ್ರಾಂತದಲ್ಲಿ; ಇದು ತೊಡಕು. ಅದಕ್ಕೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಸದಾಶಿವಗಡಕ್ಕೆ ನದಿಯಾಚೆ ಇರುವ ಕಾರವಾರ ಆ ಜಿಲ್ಲೆಯ ಮುಖ್ಯ ಊರಾಯಿತು. 1864ರಲ್ಲಿ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಅಷ್ಟರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಬಿತ್ತು. 1880ರ ದಶಕದಲ್ಲಿ ಗದಗಿಗೆ ರೈಲು ಬಂತು, ಅದೇ ದಶಕದಲ್ಲಿ ಈ ಕಡೆಯ ರೈಲುದಾರಿ ಗೋವೆಯ ಮಾರ್ಮುಗೋವಾ ಬಂದರನ್ನೂ ಮುಟ್ಟಿತು. ಆಮೇಲೆ ಹತ್ತಿ ವ್ಯಾಪಾರಸ್ಥರು ಕಾರವಾರದ ಕಡೆ ತಿರುಗಿ ನೋಡಲಿಲ್ಲ.

ದೊಡ್ಡ ಬಂದರಾಗಬೇಕೆಂದು ಗೆರೆ ಎಳೆದಿದ್ದ ಊರು ಹೀಗೆ ಸಣ್ಣದಾಗಿ ಉಳಿಯಿತು. ಅಂದಿನವರಿಗೆ ಆದ ನಷ್ಟ ಇಂದು ಸುತ್ತಾಡಲು ಹೋಗುವ ನಮಗೆ ಲಾಭ. ಗೋವೆಯ ಗದ್ದಲ ಗಡಿಯಾಚೆ ಕೆಲವೇ ಮೈಲು ದೂರದಲ್ಲಿ, ಗೋಕರ್ಣದ ಜಾತ್ರೆ ಈಚೆ. ನಡುವೆ ಕಾರವಾರ ತನ್ನ ಪಾಡಿಗೆ ತಾನಿದೆ. ಅಲ್ಲಿಗೆ ಹೋಗುವ ನಮ್ಮ ಕಡೆಯವರಿಗೆ, ಅದರಲ್ಲೂ ಕೆರೆ ಬಿಟ್ಟರೆ ದೊಡ್ಡ ನೀರು ಕಾಣದ ನನ್ನಂಥವರಿಗೆ, ನಾಲ್ಕು ಮಾತು ಹೇಳಬೇಕೆಂದು ಇವತ್ತು ಇಲ್ಲಿ ಕೂತಿದ್ದೇನೆ.

ಮೊದಲು ದಾರಿ. ಡಂಬಳದಿಂದ ಗದಗ, ಗದಗಿನಿಂದ ಹುಬ್ಬಳ್ಳಿ. ಅಲ್ಲಿಂದ ಕಲಘಟಗಿ, ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲಾ, ಕಾರವಾರ. ಹುಬ್ಬಳ್ಳಿಯಿಂದಲೇ ಐದು ತಾಸು ಹಿಡಿಯಿರಿ. ಹುಬ್ಬಳ್ಳಿ ಅಂಕೋಲಾ ರೈಲಿನ ಮಾತು 1990ರ ದಶಕದಿಂದ ಕೇಳುತ್ತಾ ಬಂದಿದ್ದೇವೆ, ಅದನ್ನು ನಂಬಿ ಚೀಲ ಕಟ್ಟಬೇಡಿ. ಬಸ್ಸೇ ಗತಿ. ನಸುಕಿನಲ್ಲಿ ಊರು ಬಿಟ್ಟರೆ ಹಗಲ ಬೆಳಕಿನಲ್ಲಿ ಘಟ್ಟ ಇಳಿಯಬಹುದು. ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ಹೋಗುವವರು ಪ್ರಯಾಣದ ಅರ್ಧವನ್ನು ಕಳೆದುಕೊಂಡಂತೆ. ಕಲಘಟಗಿ ದಾಟುತ್ತಿದ್ದಂತೆ ಹತ್ತಿ, ಗೋವಿನಜೋಳ ಕಡಿಮೆಯಾಗಿ ಭತ್ತ ಕಾಣುತ್ತದೆ. ಯಲ್ಲಾಪುರದಲ್ಲಿ ಕಾಡು ಮುತ್ತುತ್ತದೆ. ಅರಬೈಲ ಇಳಿದ ಮೇಲೆ ಕಿಟಕಿಯಿಂದ ಬರುವ ಗಾಳಿಯೇ ಬೇರೆ, ಅಂಗಿ ಬೆನ್ನಿಗೆ ಅಂಟಲು ಶುರು. ನಮ್ಮ ಒಣ ಬಿಸಿಲಿಗೆ ಒಗ್ಗಿದ ಮೈಗೆ ಆ ಬೆವರು ಮೊದಲ ದಿನ ಸಾಕು ಸಾಕು ಮಾಡುತ್ತದೆ. ಹತ್ತಿಯ ತೆಳು ಬಟ್ಟೆ ಒಯ್ಯಿರಿ. ನೀರು ಕುಡಿಯುತ್ತಲೇ ಇರಿ.

ಇನ್ನು ಯಾವಾಗ ಹೋಗಬೇಕು? ನವೆಂಬರಿನಿಂದ ಫೆಬ್ರುವರಿ. ನಮ್ಮಲ್ಲಿ ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆಯಾದರೆ ಒಳ್ಳೆಯ ವರ್ಷ ಎನ್ನುತ್ತೇವೆ. ಅಲ್ಲಿ ಮೂರು ಸಾವಿರ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಳೆಗಾಲದ ಕಡಲನ್ನು ದಂಡೆಯಿಂದ ದೂರ ನಿಂತು ನೋಡುವುದಾದರೆ ಅದರ ಗತ್ತೇ ಬೇರೆ, ಒಪ್ಪುತ್ತೇನೆ. ಆದರೆ ಆ ತಿಂಗಳುಗಳಲ್ಲಿ ದಾರಿಯ ಮೇಲೆ ಗುಡ್ಡ ಕುಸಿಯುವುದು ಹೊಸದಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿದು ಜನ ಸತ್ತದ್ದು ನಿಮಗೆಲ್ಲ ನೆನಪಿರಬೇಕು. ಮಕ್ಕಳು ಮರಿ ಕಟ್ಟಿಕೊಂಡು ಆಷಾಢದಲ್ಲಿ ಹೊರಡಬೇಡಿ.

ಊರಿನ ನಕಾಶೆ ಸರಳ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುಡ್ಡ, ನಡುವೆ ಉದ್ದಕ್ಕೆ ಮಲಗಿದ ಊರು. ದಕ್ಷಿಣದ ತುದಿಗೆ ಬೈತಖೋಲ ಬಂದರು, ಉತ್ತರದ ತುದಿಗೆ ಕಾಳಿ ನದಿಯ ಮುಖದಲ್ಲಿ ಕೋಡಿಬಾಗ. ಎರಡರ ನಡುವೆ ರವೀಂದ್ರನಾಥ ಟ್ಯಾಗೋರ್ ಕಡಲತೀರ. ಬಸ್ ನಿಲ್ದಾಣದಿಂದ ನಡೆದೇ ಮರಳಿಗೆ ಇಳಿಯಬಹುದು, ಆದರೆ ಈಗ ನಡುವೆ ಅಗಲ ಮಾಡಿದ ರಾಷ್ಟ್ರೀಯ ಹೆದ್ದಾರಿ ಇದೆ, ಗಾಡಿಗಳು ಭರ್ರನೆ ಬರುತ್ತವೆ. ಮಕ್ಕಳು ಕಡಲು ಕಂಡ ಕೂಡಲೇ ಕೈ ಬಿಡಿಸಿಕೊಂಡು ಓಡುತ್ತವೆ. ಅಲೆಗಿಂತ ಮೊದಲು ಈ ರಸ್ತೆಗೆ ಹೆದರಿ.

ಉಳಿಯುವುದಕ್ಕೆ ಕೋಡಿಬಾಗದ ಕಡೆ ನೋಡಿ ಎಂದು ನನ್ನ ಸಲಹೆ. ತೆಂಗಿನ ತೋಟ, ಮಂಗಳೂರು ಹಂಚಿನ ಮನೆಗಳು, ತುಳಸಿಕಟ್ಟೆ, ಅಂಗಳದಲ್ಲಿ ಒಣಹಾಕಿದ ಬಲೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಓಣಿಯಲ್ಲಿ ನಾಯಿಯೂ ಎದ್ದು ಬೊಗಳುವುದಿಲ್ಲ. ಸಣ್ಣ ಅಂಗಡಿಯವರು ಬಾಗಿಲು ಎಳೆದು ಮಲಗುತ್ತಾರೆ. ಅವರನ್ನು ಎಬ್ಬಿಸಿ ಬಿಸ್ಕತ್ತು ಕೇಳುವ ಬದಲು ನೀವೂ ಮಲಗಿ. ಈ ಊರಿನ ಕೆಲಸದ ಹೊತ್ತು ಬೆಳಗಿನ ಜಾವ ಮತ್ತು ಸಂಜೆ. ನಮ್ಮ ಕಡೆಯ ಪ್ರವಾಸಿಗಳು ಬೆಳಿಗ್ಗೆ ಒಂಬತ್ತಕ್ಕೆ ಉಪ್ಪಿಟ್ಟು ತಿಂದು, ಸುಡುಬಿಸಿಲಿನಲ್ಲಿ ಎಲ್ಲ ಸುತ್ತಿ, ಸಂಜೆ ಐದಕ್ಕೆ ಗಾಡಿ ಹತ್ತಿಬಿಡುತ್ತಾರೆ. ಅಂದರೆ ಊರು ಮಲಗಿದ್ದಾಗ ನೋಡಿ, ಎದ್ದಾಗ ಹೊರಟು ಬರುತ್ತಾರೆ.

ಹಾಗಾಗಿ ಆರಕ್ಕೆಲ್ಲ ಮರಳಿನ ಮೇಲಿರಿ. ಗಾಳಿಮರಗಳ ಸಾಲಿನ ಕೆಳಗೆ ನಡೆಯುವ ನಿವೃತ್ತ ಗುಮಾಸ್ತರು, ಓಡುವ ಹುಡುಗರು ಇರುತ್ತಾರೆ. ಅದೃಷ್ಟವಿದ್ದರೆ ಏಂಡಿ ಬಲೆ ಎಳೆಯುವುದನ್ನು ನೋಡಬಹುದು. ದೋಣಿಯೊಂದು ಬಲೆಯನ್ನು ಅರ್ಧಚಂದ್ರದಂತೆ ನೀರಿನಲ್ಲಿ ಬಿಟ್ಟು ಬರುತ್ತದೆ. ದಂಡೆಯ ಮೇಲೆ ಎರಡು ಕಡೆ ಹಗ್ಗ ಹಿಡಿದ ಎರಡು ಸಾಲು ಜನ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಎಳೆಯುತ್ತಾರೆ. ಎರಡು ಸಾಲೂ ಹತ್ತಿರವಾಗುತ್ತಾ ಬಂದು ಕೊನೆಗೆ ಬಲೆಯ ಚೀಲ ಮರಳಿಗೆ ಬೀಳುತ್ತದೆ. ಇದರ ದೊಡ್ಡಣ್ಣ ರಾಂಪಣಿ. ನೂರಾರು ಜನ ಎಳೆಯುತ್ತಿದ್ದ ಆ ಬಲೆ ಯಾಂತ್ರಿಕ ದೋಣಿಗಳು ಬಂದ ಮೇಲೆ ಬಹುಮಟ್ಟಿಗೆ ಮೂಲೆಗೆ ಸೇರಿತು. ಹಗ್ಗಕ್ಕೆ ಕೈ ಹಾಕಬಹುದೇ ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಕೇಳದೆ ನಡುವೆ ನುಗ್ಗಿ ಫೋಟೊ ತೆಗೆಯುವವರನ್ನು ಮಾತ್ರ ಕೊಂಕಣಿಯಲ್ಲಿ ಏನೋ ಅನ್ನುತ್ತಾರೆ. ಅರ್ಥ ಕೇಳಲು ಹೋಗಬೇಡಿ.

ಮೀನು ಪೇಟೆಗೆ ಹೋಗಿ ಎಂದರೆ ನಮ್ಮ ಊರಿನ ಹಿರಿಯರು ಮೂಗು ಮುಚ್ಚಿಕೊಳ್ಳುತ್ತಾರೆ. ತಿನ್ನದವರೂ ಒಮ್ಮೆ ಹೋಗಿ ಬರಬೇಕೆಂದು ನಾನು ಹೇಳುತ್ತೇನೆ. ಅಲ್ಲಿ ಕೂತು ಮಾರುವವರು ಹೆಚ್ಚಾಗಿ ಹೆಂಗಸರು. ಬಂಗಡೆ, ತಾರ್ಲೆ, ಇಸ್ವಾಣ, ಶೆಟ್ಲಿ ಎಂದು ಒಂದೊಂದರ ಹೆಸರು ಹೇಳಿ ತೋರಿಸುತ್ತಾರೆ. ಗದುಗಿನ ಪೇಟೆಯಲ್ಲಿ ಸೌತೆಕಾಯಿ ಚೌಕಾಶಿ ಮಾಡಿದ ಅನುಭವ ಅಲ್ಲಿ ನಡೆಯುವುದಿಲ್ಲ, ಅವರ ಮಾತಿನ ಮುಂದೆ ನಾವು ಕೂಸುಗಳು. ಜೂನ್ ಮತ್ತು ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಾಜ್ಯದಲ್ಲಿ ನಿಷೇಧ, ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಪೇಟೆ ಸಪ್ಪೆ, ದರ ಏರು.

ಶಾಕಾಹಾರಿಗಳು ಉಪವಾಸ ಬೀಳುವುದಿಲ್ಲ. ಊರಿನಲ್ಲಿ ಸಸ್ಯಾಹಾರಿ ಖಾನಾವಳಿಗಳಿವೆ. ಆದರೆ ಕಾರವಾರಕ್ಕೆ ಹೋಗಿ ಜೋಳದ ರೊಟ್ಟಿ ಹುಡುಕುವ ಹಟ ಬಿಡಿ. ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಸಾರು, ಮುರುಗಲು ಹಣ್ಣಿನ ಸೋಲ್‌ಕಡಿ ತಿಂದು ನೋಡಿ. ಸೋಲ್‌ಕಡಿ ಬಿಸಿಲಿನಿಂದ ಬಂದ ಹೊಟ್ಟೆಗೆ ತಂಪು. ಮೇ ತಿಂಗಳಲ್ಲಿ ಹೋದರೆ ಬೆವರಿಗೆ ಪರಿಹಾರವಾಗಿ ಅಂಕೋಲೆಯ ಕರಿ ಇಷಾಡ್ ಮಾವು ಸಿಗುತ್ತದೆ, 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಹಿರಿಯರೊಂದಿಗೆ ಹೋಗುವವರು ಹೇಗೂ ನಾಲ್ಕು ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡೇ ಹೋಗುತ್ತೀರಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಕರಾವಳಿಯ ಗಾಳಿಗೆ ಕಟಕ್ ರೊಟ್ಟಿ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ.

ಕಡಲತೀರದಲ್ಲಿ ನೌಕಾಪಡೆಯ ಹಳೆಯ ಕ್ಷಿಪಣಿ ದೋಣಿ ಚಪಲ್ ಅನ್ನು ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ. ಪಕ್ಕದಲ್ಲಿ ಟಿಯು-142 ವಿಮಾನ ಇದೆ. 2017ರಲ್ಲಿ ಸೇವೆ ಮುಗಿಸಿದ, ಕಡಲ ಮೇಲೆ ಕಾವಲು ಹಾರುತ್ತಿದ್ದ ಜಾತಿಯದು. ಹುಡುಗರಿಗೆ ಖುಷಿ, ಒಂದು ತಾಸು ಸಾಕು. ಜಿಲ್ಲೆಯ ಸಿದ್ದಿ, ಹಾಲಕ್ಕಿ, ಕುಣಬಿ, ಗೌಳಿ ಜನರ ಬದುಕು ತೋರಿಸುವ ಶಿಲ್ಪಗಳ ಉದ್ಯಾನವೂ ಅಲ್ಲೇ. ನೀರಿನ ಮೋಟಾರು ಆಟಗಳ ಬಗ್ಗೆ ನಾನೇನೂ ಹೇಳುವುದಿಲ್ಲ, ಆ ಸದ್ದು ಕೇಳಲು ಅಷ್ಟು ದೂರ ಹೋಗಬೇಕಿಲ್ಲ.

ಟ್ಯಾಗೋರರ ಹೆಸರು ಆ ತೀರಕ್ಕೆ ಸುಮ್ಮನೆ ಬಂದದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರ್ ಐಸಿಎಸ್ ಸೇರಿದ ಮೊದಲ ಭಾರತೀಯ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ, ಇನ್ನೂ ಮದುವೆಯಾಗದ ಇಪ್ಪತ್ತರ ಹರೆಯದ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಅಲ್ಲಿಯೇ. ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲೆ ಹೋಗಿ, ಇಳಿಯುವ ನೀರಿನೊಂದಿಗೆ ಮರಳಿ ಬಂದು, ನದಿಮುಖ ತಲುಪಲು ತಡವಾಯಿತೆಂದು ಇಳಿದು ಮರಳ ಮೇಲೆ ನಡೆದೇ ಮನೆ ಸೇರಿದ ಸಂಗತಿಯನ್ನು ತಮ್ಮ ‘ಜೀವನಸ್ಮೃತಿ’ಯಲ್ಲಿ ಬರೆದಿದ್ದಾರೆ. ಕಾರವಾರ ನೋಡುವ ಸರಿಯಾದ ಕ್ರಮ ಇಂದಿಗೂ ಇದೇ ಎಂದು ನನಗನ್ನಿಸುತ್ತದೆ: ನದಿಯ ಕಡೆಯಿಂದ, ನೀರಿನ ಹೊತ್ತು ನೋಡಿಕೊಂಡು, ಕಾಲ್ನಡಿಗೆಯಲ್ಲಿ.

ನೀರಿನ ಹೊತ್ತು ಅಂದೆ. ಇದು ನಮ್ಮ ಕಡೆಯವರಿಗೆ ಗೊತ್ತಿರುವುದಿಲ್ಲ. ಕೆರೆಯ ನೀರು ಮಳೆಗೆ ಏರುತ್ತದೆ, ಬೇಸಿಗೆಗೆ ಇಳಿಯುತ್ತದೆ. ಕಡಲು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಆ ಹೊತ್ತು ದಿನ ದಿನಕ್ಕೆ ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಏರಿಳಿತ ದೊಡ್ಡದು. ಅಷ್ಟಮಿಯ ಸುತ್ತ ಸಣ್ಣದು. ಅಮಾವಾಸ್ಯೆಗೆ ಎತ್ತು ಹೂಡದ ನಮ್ಮ ರೈತರಿಗೆ ತಿಥಿಯ ಲೆಕ್ಕ ಹೇಳಿಕೊಡಬೇಕಿಲ್ಲ. ಪಂಚಾಂಗ ನೋಡಿ ದಿನ ಆರಿಸಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಸಂಜೆ ಕೋಡಿಬಾಗದಲ್ಲಿ ನೀರು ಚೆನ್ನಾಗಿ ಇಳಿದಿರುತ್ತದೆ, ನದಿಯ ಮುಖದಲ್ಲಿ ಮರಳದಿಬ್ಬಗಳು ಏಳುತ್ತವೆ.

ಆಗ ಚಿಪ್ಪು ಆರಿಸುವ ಹೆಂಗಸರು ನೀರಿಗೆ ಇಳಿಯುತ್ತಾರೆ. ಸೀರೆಯ ಕಚ್ಚೆ ಮೇಲೆತ್ತಿ ಕಟ್ಟಿ, ಮೊಣಕಾಲು ಮಟ್ಟ, ಕೆಲವರು ಸೊಂಟದ ಮಟ್ಟ ನೀರಿನಲ್ಲಿ ನಿಲ್ಲುತ್ತಾರೆ. ಕಣ್ಣು ಎತ್ತಲೋ ಇರುತ್ತದೆ, ಹುಡುಕುವುದು ಪಾದ. ಕೆಸರಿನಲ್ಲಿ ಕಾಲಿಗೆ ಗಟ್ಟಿ ಸಿಕ್ಕ ಕೂಡಲೇ ಬಗ್ಗಿ, ಕೈಯಿಂದ ಕೆಸರು ಸಮೇತ ಬಾಚಿ, ನೀರಿನಲ್ಲಿ ಜಾಲಿಸಿ, ಪಕ್ಕದಲ್ಲಿ ತೇಲುವ ಅಲ್ಯೂಮಿನಿಯಂ ಬೋಗುಣಿಗೆ ಹಾಕುತ್ತಾರೆ. ಬೋಗುಣಿ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಅವರ ಹಿಂದೆಯೇ ಬರುತ್ತದೆ. ಸಣ್ಣ ಚಿಪ್ಪು ಬಂದರೆ ತಿರುಗಿ ನೀರಿಗೆ. ನಾನೊಮ್ಮೆ ಪ್ಯಾಂಟು ಮಡಚಿ ದಿಬ್ಬದ ಕಡೆ ಹೊರಟಾಗ ಅವರಲ್ಲೊಬ್ಬ ಹಿರಿಯ ಹೆಂಗಸು ಕೂಗಿದಳು:

“ಅಣ್ಣಾ, ಆ ಬದಿಗೆ ಹೋಗ್ಬೇಡಿ. ನೀರು ತಿರುಗೂ ಹೊತ್ತು.”

“ಎಲ್ಲಾ ಒಣಗಿದಂಗ ಕಾಣ್ತದಲ್ಲಬೇ ಅಕ್ಕಾ?”

“ಕಾಣ್ತದೆ. ಹಿಂದಿಂದ ಬರ್ತದೆ ಅದು.”

ಅರ್ಧ ತಾಸಿನಲ್ಲಿ ದಿಬ್ಬದ ಈಚೆ ಬದಿಯಲ್ಲಿ, ನಾನು ದಾಟಬೇಕೆಂದಿದ್ದ ಜಾಗದಲ್ಲಿ, ನೀರು ಸದ್ದಿಲ್ಲದೆ ಸೇರಿಕೊಂಡಿತ್ತು. ಅದಕ್ಕೇ ಹೇಳುವುದು: ನದಿಮುಖದಲ್ಲಿ ಸ್ಥಳೀಯರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ.

ಈ ಮಾತು ಕಡಲಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಉತ್ತರ ಕನ್ನಡದ ತೀರಗಳಲ್ಲಿ ಮುಳುಗಿದವರ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆಯ ಹುಡುಗರ ಹೆಸರು ಎಷ್ಟು ಸಲ ಓದಿಲ್ಲ ನಾವು? ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರಿಗೆ ನನಗೆ ಬರುತ್ತದೆ ಎಂಬ ಧೈರ್ಯ. ದಂಡೆಗೆ ಅಪ್ಪಳಿಸಿದ ಅಲೆಗಳ ನೀರು ಹಿಂದಿರುಗಲೇಬೇಕು. ಅದು ಎಲ್ಲ ಕಡೆ ಸಮನಾಗಿ ಹಿಂದಿರುಗುವುದಿಲ್ಲ. ಹೊಲದ ಬದು ಒಡೆದಲ್ಲಿ ಮಳೆನೀರೆಲ್ಲ ನುಗ್ಗುವ ಹಾಗೆ ಒಂದು ಇಕ್ಕಟ್ಟಾದ ಕಾಲುವೆ ಹಿಡಿದು ಒಳಕ್ಕೆ ಎಳೆಯುತ್ತದೆ. ಮೋಸ ಏನೆಂದರೆ ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೋಡಲು ಶಾಂತ. ಹೊಸಬರು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ನೇರ ಈಜಿ ದಣಿಯಬೇಡಿ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅದರಿಂದ ಹೊರಬಿದ್ದು, ಆಮೇಲೆ ದಂಡೆಗೆ ತಿರುಗಿ. ಇದಕ್ಕಿಂತ ಸುಲಭದ ಉಪಾಯ ಮೊಣಕಾಲಿಗಿಂತ ಮೇಲೆ ನೀರು ಬಾರದಂತೆ ನಿಲ್ಲುವುದು. ಜೀವರಕ್ಷಕರು ಸೀಟಿ ಹೊಡೆದರೆ ಅವರೊಂದಿಗೆ ವಾದಕ್ಕೆ ಇಳಿಯಬೇಡಿ. ಕುಡಿದು ನೀರಿಗೆ ಇಳಿಯುವವರಿಗೆ ಹೇಳಲು ನನ್ನ ಬಳಿ ಮಾತಿಲ್ಲ, ಜೊತೆಗಿದ್ದವರು ಅವರ ತೋಳು ಹಿಡಿದು ಎಳೆದು ತನ್ನಿ.

ಎರಡನೇ ದಿನ ನದಿ ದಾಟಿ ಸದಾಶಿವಗಡಕ್ಕೆ ಹೋಗಿ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ ಕುಸಿದು ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿಕೊಂಡ. ಪಕ್ಕದ ಹೊಸ ಸೇತುವೆಯ ಮೇಲೆ ಓಡಾಟ ನಡೆದಿದೆ. ಗುಡ್ಡದ ಮೇಲಿನ ಕೋಟೆ ಸೋದೆಯ ಅರಸರದು, ಹದಿನೆಂಟನೇ ಶತಮಾನದ ಆರಂಭದ್ದು. ಕೋಟೆ ಅಂತ ಉಳಿದಿರುವುದು ಅಲ್ಪ. ಅಲ್ಲಿ ದುರ್ಗಾದೇವಿಯ ಗುಡಿ ಇದೆ, ಸದಾಶಿವಗಡದಲ್ಲೇ ದರ್ಗಾ ಇದೆ, ಎರಡಕ್ಕೂ ಊರವರು ನಡೆದುಕೊಳ್ಳುತ್ತಾರೆ. ಮೇಲಿನಿಂದ ಕೆಳಗೆ ನೋಡಿ. ಕಂದು ಬಣ್ಣದ ನದಿ, ನೀಲಿ ಕಡಲು, ನಡುವೆ ದೇವಬಾಗದ ಮರಳಿನ ನಾಲಿಗೆ, ಆಚೆ ದ್ವೀಪಗಳು. ಮ್ಯಾಂಚೆಸ್ಟರಿನವರು ಇಲ್ಲಿಗೆ ನಮ್ಮ ಹತ್ತಿ ತರಬೇಕೆಂದು ಯಾಕೆ ಹಂಬಲಿಸಿದರು ಎನ್ನುವುದು ಅಲ್ಲಿ ನಿಂತರೆ ತಿಳಿಯುತ್ತದೆ: ದ್ವೀಪಗಳು ಗಾಳಿಗೆ ಅಡ್ಡ ನಿಂತಿವೆ, ಒಳಗಿನ ನೀರು ಶಾಂತ. ಇದೇ ಆಸರೆಯನ್ನು ನಂಬಿ ಇಂಗ್ಲಿಷ್ ವರ್ತಕರು 1638ರಲ್ಲೇ ಕಾರವಾರದಲ್ಲಿ ಕೋಠಿ ಹಾಕಿದ್ದರು, ಹುಬ್ಬಳ್ಳಿ ಕಡೆಯ ಬಟ್ಟೆಯನ್ನೂ ಘಟ್ಟದ ಕಾಳುಮೆಣಸನ್ನೂ ಹಡಗಿಗೆ ಹೇರುತ್ತಿದ್ದರು. 1673ರಲ್ಲಿ ಶಿವಾಜಿಯ ದಂಡು ಹುಬ್ಬಳ್ಳಿಯನ್ನು ದೋಚಿದಾಗ ಅವರ ಸರಕೂ ಹೋಯಿತು. ಇವತ್ತು ಇಂಥದೇ ಆಸರೆಯಲ್ಲಿ ನೌಕಾಪಡೆಯ ಕದಂಬ ನೆಲೆ ಇದೆ, 2005ರಿಂದ. ಕಾರವಾರದ ದಕ್ಷಿಣಕ್ಕೆ ಬೇಲಿ ಕಂಡಲ್ಲಿ ಮೊಬೈಲು ಕಿಸೆಯಲ್ಲಿ ಇರಲಿ.

ಇನ್ನೂ ಒಂದು ಅರ್ಧ ದಿನ ಇದ್ದರೆ ಗೋವಾ ಗಡಿಯ ಹತ್ತಿರದ ಮಾಜಾಳಿಗೆ ಹೋಗಿ, ಅಲ್ಲಿಂದ ಗುಡ್ಡ ಹತ್ತಿಳಿದು ತಿಳಮಾತಿಗೆ ನಡೆಯಿರಿ. ಸಣ್ಣ ತೀರ, ಮರಳು ಕಪ್ಪು. ಎರೆಮಣ್ಣಿನವರಾದ ನಾವು ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡದೆ ಇರುವುದಿಲ್ಲ. ನಮ್ಮ ಎರೆಯಂತೆ ಕೈಗೆ ಮೆತ್ತುವುದಿಲ್ಲ, ಸರಸರ ಜಾರುತ್ತದೆ. ಅಂಗಡಿ ಮುಂಗಟ್ಟು ನಂಬಿಕೊಂಡು ಹೋಗಬೇಡಿ, ನೀರಿನ ಬಾಟಲಿ ಒಯ್ಯಿರಿ, ಖಾಲಿ ಬಾಟಲಿ ತಿರುಗಿ ತನ್ನಿ. ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಗೆ. ದೋಣಿಗಳಲ್ಲಿ ಜನ ಹೋಗುತ್ತಾರೆ. ನೀವೂ ಹೋಗುವುದಾದರೆ ತೇಲುವ ಅಂಗಿ ಕೊಡದ, ಜನ ತುಂಬಿ ತುಳುಕುವ ದೋಣಿಯನ್ನು ಹತ್ತಬೇಡಿ. ಎಷ್ಟೇ ಪುಣ್ಯವಿದ್ದರೂ ಮುಂದಿನ ದೋಣಿಗೆ ಕಾಯಿರಿ.

ಪ್ರವಾಸವನ್ನು ಭಾನುವಾರ ಮುಗಿಯುವಂತೆ ಹೊಂದಿಸಿಕೊಳ್ಳಿ. ಕಾರವಾರದ ಸಂತೆ ಭಾನುವಾರ. ಶನಿವಾರ ರಾತ್ರಿಯಿಂದಲೇ ಘಟ್ಟದ ಮೇಲಿನ ವ್ಯಾಪಾರಿಗಳು ಮೂಟೆ ಇಳಿಸುತ್ತಾರೆ. ಬೀದಿಯ ಒಂದು ಬದಿ ನಮ್ಮ ಕಡೆಯ ಬದನೆ, ಮೆಣಸಿನಕಾಯಿ, ಈರುಳ್ಳಿ. ಇನ್ನೊಂದು ಬದಿ ಸುತ್ತಲ ಹಳ್ಳಿಯ ಹೆಂಗಸರು ತಂದ ಬಸಳೆ, ಕೆಂಪು ಹರಿವೆ, ಗೆಣಸು, ಹೂವಿನ ಮಾಲೆ. ಒಂದೇ ಸಾಲಿನಲ್ಲಿ ನಮ್ಮ ಗಂಡುಗನ್ನಡ, ಕೊಂಕಣಿ, ಮರಾಠಿ ಮೂರೂ ಕಿವಿಗೆ ಬೀಳುತ್ತವೆ. ಒಣಗಿಸಿದ ಮುರುಗಲು ಸಿಪ್ಪೆ ಅಲ್ಲಿ ಕೊಳ್ಳಿ, ಹುಣಸೆಹಣ್ಣಿನ ಬದಲು ಸಾರಿಗೆ ಹಾಕಬಹುದು, ವರ್ಷ ಇಟ್ಟರೂ ಕೆಡುವುದಿಲ್ಲ. ಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡಿ: ಮೆತ್ತಗೆ ಬಾಗಿ, ಕಡುಕೆಂಪು ಬಣ್ಣ ಬೆರಳಿಗೆ ಹತ್ತಿದರೆ ಒಳ್ಳೆಯದು, ಕಟ್ಟಿಗೆಯಂತೆ ಮುರಿದರೆ ಹಳೆಯದು. ಮಧ್ಯಾಹ್ನದೊಳಗೆ ಹುಬ್ಬಳ್ಳಿ ಬಸ್ಸು ಹಿಡಿದರೆ ರಾತ್ರಿ ಗದಗ ಮುಟ್ಟುತ್ತೀರಿ. ಅಲ್ಲಿಂದ ಡಂಬಳದ ಕೊನೆಯ ಬಸ್ಸಿನ ಹೊತ್ತನ್ನು ಹೊರಡುವ ಮೊದಲೇ ನಿಲ್ದಾಣದಲ್ಲಿ ವಿಚಾರಿಸಿ ಇಟ್ಟುಕೊಳ್ಳಿ.